ಪಡಸಾಲೆಯ ಜಂತೆಗೆ ಬಂದ ಬಾವಲಿ

ಮೊದಲು ಸಿಕ್ಕಿದ್ದು ಒಂದು ಕಪ್ಪೆಯ ಕಾಲು. ಬೆಳಿಗ್ಗೆ ಪಡಸಾಲೆ ಗುಡಿಸಲೆಂದು ಬಾಗಿಲು ತೆಗೆದರೆ ನನ್ನ ಹೊಸ್ತಿಲಿನ ಎದುರಿಗೇ ಬಿದ್ದಿತ್ತು. ಬೆಕ್ಕಿನ ಕೆಲಸ ಅಂದುಕೊಂಡು ಕಸದ ಜೊತೆ ತಳ್ಳಿ, ಒಂದು ಚೊಂಬು ನೀರು ಹಾಕಿದೆ. ಕೆಲವು ದಿನ ಬಿಟ್ಟು ಅದೇ ಜಾಗದಲ್ಲಿ ಗುಬ್ಬಿಯ ರೆಕ್ಕೆ ಸಿಕ್ಕಿತು, ಅದರ ಸುತ್ತ ಒಣಗಿದ ರಕ್ತದ ಹನಿಗಳಿದ್ದವು. ಆಮೇಲೆ ಒಂದು ಇಲಿಯ ಬಾಲ. ಬೆಕ್ಕಾದರೆ ಬಾಲ ಬಿಡಬಹುದು, ಆದರೆ ಪತಂಗದ ರೆಕ್ಕೆಗಳನ್ನು ಕಿತ್ತು ರಂಗೋಲಿಯ ಪುಡಿಯಂತೆ ಉದುರಿಸಿ ಹೋಗುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ನಾನು ಬಸವಾಪಟ್ಟಣದ ಸುತ್ತಿನ ಹಳ್ಳಿಗಳಿಗೆ ಹೆರಿಗೆ ನರ್ಸ್ ಆಗಿ ಹೊಸದಾಗಿ ಬಂದಿದ್ದೆ. ನನ್ನೂರು ಜಗಳೂರು ಕಡೆಯ ಬಿಳಿಚೋಡು. ನಮ್ಮಲ್ಲಿ ಮಳೆ ಬಂದ ಮರುದಿನ ಮಾತ್ರ ಕಪ್ಪೆಯ ಸದ್ದು ಕೇಳುತ್ತಿತ್ತು. ಇಲ್ಲಿ ನಾಲೆಯ ನೀರು ಗದ್ದೆಗಳಿಗೆ ಹರಿದು, ಮುಂಗಾರು ಹಿಡಿಯಿತೆಂದರೆ ಸಂಜೆ ಎದುರಿಗೆ ಕೂತವರ ಮಾತೂ ಕೇಳಿಸದಷ್ಟು ಕಪ್ಪೆಗಳು ಕೂಗುತ್ತಿದ್ದವು. ನಾನಿದ್ದದ್ದು ಒಂದು ಹಳೆಯ ಹೆಂಚಿನ ಮನೆಯ ಅರ್ಧ ಭಾಗದಲ್ಲಿ. ಇನ್ನರ್ಧದಲ್ಲಿ ಮನೆಯ ಯಜಮಾನಿ, ಅವರ ಮಗ ಮತ್ತು ಸೊಸೆ. ಎರಡೂ ಭಾಗದ ಬಾಗಿಲುಗಳು ಒಂದೇ ಪಡಸಾಲೆಗೆ ತೆರೆದುಕೊಳ್ಳುತ್ತಿದ್ದವು. ಬೀದಿಯ ಕಡೆಗೆ ಗೋಡೆಯಿಲ್ಲ, ಮರದ ಕಂಬಗಳು ಮಾತ್ರ. ಮೇಲೆ ಹೊಗೆ ಹಿಡಿದು ಕಪ್ಪಾದ ಜಂತೆಗಳು.

ಯಜಮಾನಿ ಗಂಡ ಸತ್ತ ಮೇಲೆ ಹೊಲ ಮನೆ ಎರಡನ್ನೂ ತಾನೇ ನಡೆಸಿದ ಹೆಂಗಸು. ಜೋರು ಬಾಯಿ. ನಾನು ಬಂದ ಹೊಸದರಲ್ಲಿ ಒಬ್ಬಳೇ ಇರುವ ಹುಡುಗಿ ಎಂದು ರೊಟ್ಟಿ, ಪಲ್ಯ ಕಳಿಸುತ್ತಿದ್ದರು. ಮಗ ಖಾಸಗಿ ಬಸ್ಸಿನ ಕಂಡಕ್ಟರ್. ಹೊನ್ನಾಳಿಯ ಕಡೆ ಹೋದ ಬಸ್ಸು ಅಲ್ಲೇ ನಿಂತು ಮರುದಿನ ಬರುತ್ತಿದ್ದುದರಿಂದ ಮನೆಯಲ್ಲಿ ಇರುತ್ತಿದ್ದುದು ಕಡಿಮೆ. ಸೊಸೆ ನನಗಿಂತ ಸ್ವಲ್ಪ ಚಿಕ್ಕವಳು, ಮಾತು ಕಡಿಮೆ. ಎರಡು ಸಲ ಬಸುರಾಗಿ ಎರಡೂ ಸಲ ನಿಂತಿರಲಿಲ್ಲ. ಆ ಮುಂಗಾರಿನಲ್ಲಿ ಮೂರನೆಯ ಸಲ ಬಸುರಾಗಿದ್ದಳು. ನಾನು ಅವಳನ್ನು ಆಗಾಗ ನೋಡಿ, ಮಾತ್ರೆ ಕೊಟ್ಟು, ಭಾರ ಎತ್ತಬೇಡ ಅಂತ ಹೇಳುತ್ತಿದ್ದೆ. ಯಜಮಾನಿ ಅದಕ್ಕೆ ಖುಷಿಯಾಗಿಯೇ ಇದ್ದರು.

ರಕ್ತದ ಹನಿ ಅವರ ಕಣ್ಣಿಗೆ ಬಿದ್ದದ್ದು ಒಂದು ಮಂಗಳವಾರ. ನಾನು ಗುಡಿಸುವುದಕ್ಕೆ ಮೊದಲೇ ಅವರು ಎದ್ದು ಬಂದಿದ್ದರು. ಎರಡು ಕಪ್ಪೆಯ ಕಾಲು, ಒಂದಿಷ್ಟು ಕರುಳು. ಅಂದೇ ಮಧ್ಯಾಹ್ನ ನಿಂಬೆಹಣ್ಣು, ಒಣಮೆಣಸಿನಕಾಯಿ, ಇದ್ದಿಲ ಚೂರು ಪೋಣಿಸಿದ ದಾರಗಳು ಪಡಸಾಲೆಯ ಉದ್ದಕ್ಕೂ ಜೋತಾಡಿದವು. ಜೊತೆಗೆ ಬೇವಿನ ಸೊಪ್ಪಿನ ಗೊಂಚಲು. ಒಳಗೆ ಹೋಗಬೇಕಾದರೆ ತಲೆ ಬಗ್ಗಿಸಿಕೊಂಡೇ ಹೋಗಬೇಕಿತ್ತು.

ಮರುದಿನ ಬೆಳಿಗ್ಗೆ ಆ ದಾರಗಳ ಕೆಳಗೇ ಇನ್ನೊಂದು ಕಾಲು ಬಿದ್ದಿತ್ತು.

ಅಲ್ಲಿಂದ ರೊಟ್ಟಿ ಬರುವುದು ನಿಂತಿತು. ಸೊಸೆ ನನ್ನನ್ನು ಕಂಡರೆ ಒಳಗೆ ಸರಿಯುತ್ತಿದ್ದಳು. ಆಸ್ಪತ್ರೆಗೆ ಬಾ, ಇಂಜೆಕ್ಷನ್ ಹಾಕಿಸಿಕೊಳ್ಳಬೇಕು ಎಂದು ಹೇಳಿ ಕಳಿಸಿದರೂ ಬರಲಿಲ್ಲ. ಕೊನೆಗೆ ಯಜಮಾನಿಯೇ ಒಂದು ಸಂಜೆ ನನ್ನ ಬಾಗಿಲಿಗೆ ಬಂದು ನಿಂತರು. ಒಳಗೆ ಬನ್ನಿ ಅಂದರೂ ಹೊಸ್ತಿಲು ದಾಟಲಿಲ್ಲ.

"ನರ್ಸಮ್ಮ, ಒಂದು ಮಾತು ಕೇಳ್ತೀನಿ. ನಿಮ್ಮ ಕೆಲಸ ಏನು?"

"ಹೆರಿಗೆ ಮಾಡಿಸೋದಮ್ಮ."

"ಅದೊಂದೇನಾ? ಮಕ್ಕಳಾಗದಂಗೆ ಮಾಡೋದೂ ನಿಮ್ಮ ಕೆಲಸಾನೇ ಅಲ್ಲೇನು?"

"ಬೇಡ ಅನ್ನೋರಿಗೆ ಮಾತ್ರ. ಅವರನ್ನ ಕೇಳಿಯೇ ಮಾಡೋದು."

"ಜೀಪು ತಗಂಡು ಬಂದು ಗಂಡಸರನ್ನ ಹಿಡಕಂಡು ಹೋದ್ರಲ್ಲ, ಅವತ್ತು ಯಾರನ್ನ ಕೇಳಿದ್ರಿ?"

ತುರ್ತು ಪರಿಸ್ಥಿತಿ ಮುಗಿದು ಬಹಳ ದಿನವಾಗಿರಲಿಲ್ಲ. ಆ ಜೀಪು ಬಂದಾಗ ನಾನಿನ್ನೂ ತರಬೇತಿಯಲ್ಲಿದ್ದೆ, ಈ ಕಡೆಯ ಮುಖವನ್ನೇ ನೋಡಿರಲಿಲ್ಲ. ಹಾಗೆಂದು ಹೇಳಿದೆ. ಬಿಳಿ ಸೀರೆ ಉಟ್ಟವರೆಲ್ಲ ಅವರಿಗೆ ಒಂದೇ ಆಗಿದ್ದರು. ಅವರ ಲೆಕ್ಕಾಚಾರದಲ್ಲಿ ಒಂದು ಕ್ರಮವಿತ್ತು ಎಂಬುದನ್ನು ನಾನು ಆಗಲೂ ಒಪ್ಪಿದ್ದೆ. ಹುಟ್ಟು ತಡೆಯುವುದನ್ನೇ ಸಂಬಳಕ್ಕೆ ಮಾಡುವವಳು ಮನೆಗೆ ಬಂದಿದ್ದಾಳೆ. ಬಸುರಿ ಇರುವ ಮನೆಯ ಮುಂದೆ ಕರುಳು, ರಕ್ತ ಬೀಳುತ್ತಿದೆ. ಬೀಳುವುದು ಅವಳ ಬಾಗಿಲ ಮುಂದೆಯೇ.

"ನಿಮ್ಮನ್ನ ಬೈಯಾಕೆ ಬಂದಿಲ್ಲ ನಾನು," ಅಂದರು. "ನಮ್ಮ ಹುಡುಗಿ ಹೊಟ್ಟೆ ಉಳೀಬೇಕು. ಶ್ರಾವಣ ಮುಗಿಯೋದ್ರೊಳಗೆ ಬ್ಯಾರೆ ಮನೆ ನೋಡ್ಕಳ್ರಿ."

ನೋಡಿದೆ. ಮನೆ ಸಿಗಲಿಲ್ಲ. ಖಾಲಿ ಇದೆ ಎಂದು ಗೊತ್ತಿದ್ದ ಮನೆಯವರೂ ನೆಂಟರು ಬರುತ್ತಾರೆ ಅಂದರು. ಆ ಸುದ್ದಿ ನನಗಿಂತ ಮುಂದೆ ಹೋಗಿತ್ತು. ನನಗೆ ಅಳು ಬರಲಿಲ್ಲ. ಒಂದು ಬಗೆಯ ಸುಸ್ತು ಮಾತ್ರ. ಸೊಸೆಯ ಕಾಲು ಊದಿಕೊಂಡಿದ್ದನ್ನು ಎರಡು ಸಲ ದೂರದಿಂದ ಗಮನಿಸಿದ್ದೆ. ಅದೊಂದು ಮನಸ್ಸಿನಲ್ಲಿ ಕೂತಿತ್ತು.

ಒಂದು ಸಂಜೆ ಹಳ್ಳಿ ಸುತ್ತಿಕೊಂಡು ಬರುವಾಗ ಮಳೆಗೆ ಸಿಕ್ಕಿ ಪೂರಾ ನೆನೆದಿದ್ದೆ. ಕರೆಂಟು ಹೋಗಿತ್ತು. ಪಡಸಾಲೆಯಲ್ಲಿ ಸೊಸೆ ಒಬ್ಬಳೇ ಕೂತು ಲಾಟೀನಿನ ಗಾಜು ಒರೆಸುತ್ತಿದ್ದಳು. ಇನ್ನೂ ದೀಪ ಹಚ್ಚಿರಲಿಲ್ಲ. ನನ್ನನ್ನು ಕಂಡು ಏಳಲು ಹೋದಳು, ಆದರೆ ಬೇಗ ಏಳಲಾಗಲಿಲ್ಲ. ನಾನು ಕೊಡೆ ಮಡಿಸುತ್ತಾ ನಿಂತೆ. ಆಗ ಅವಳ ಹೆಗಲ ಮೇಲೆ ಏನೋ ಪಟ್ ಎಂದು ಬಿತ್ತು. ಅವಳು ಕೂಗಲಿಲ್ಲ. ಕುತ್ತಿಗೆ ಸೆಟೆದುಕೊಂಡು, "ಅಕ್ಕಾ, ಏನದು ನೋಡ್ರಿ," ಎಂದಳು ಸಣ್ಣ ದನಿಯಲ್ಲಿ.

ಕಪ್ಪೆಯ ಕಾಲು. ಇನ್ನೂ ಒದ್ದೆಯಾಗಿತ್ತು.

ಇಬ್ಬರೂ ಕತ್ತೆತ್ತಿ ಮೇಲೆ ನೋಡಿದೆವು. ಮಳೆಯ ರಭಸ ತಗ್ಗಿತ್ತು. ಮೇಲಿನಿಂದ ಯಾರೋ ಹುರಿಗಡಲೆ ಅಗಿಯುತ್ತಿರುವಂಥ ಸದ್ದು ಬರುತ್ತಿತ್ತು, ಕರ್ರ್ ಕರ್ರ್ ಎಂದು. ಹಳ್ಳಿ ತಿರುಗಲು ಇಟ್ಟುಕೊಂಡಿದ್ದ ಬ್ಯಾಟರಿಯನ್ನು ಚೀಲದಿಂದ ತೆಗೆದು ಜಂತೆಯ ಕಡೆ ಬಿಟ್ಟೆ.

ತಲೆಕೆಳಗಾಗಿ ನೇತಾಡುತ್ತಿತ್ತು. ಬೂದಿ ಬಣ್ಣದ ಬಾವಲಿ. ಹುಣಿಸೆ ಮರದಲ್ಲಿ ಜೋಲುವ ದೊಡ್ಡ ಬಾವಲಿಯೂ ಅಲ್ಲ, ಸಂಜೆ ದೀಪದ ಸುತ್ತ ಸುಳಿಯುವ ಪುಟ್ಟದ್ದೂ ಅಲ್ಲ. ರೆಕ್ಕೆ ಮಡಚಿದಾಗ ಒಂದು ಸಣ್ಣ ತೆಂಗಿನಕಾಯಿಯ ಚಿಪ್ಪಿನಷ್ಟು. ಕಿವಿಗಳು ಮಾತ್ರ ತಲೆಗಿಂತ ದೊಡ್ಡವು, ನೆತ್ತಿಯ ಮೇಲೆ ಒಂದಕ್ಕೊಂದು ಕೂಡಿಕೊಂಡಿದ್ದವು. ಮೂಗಿನ ಮೇಲೆ ಎಲೆಯಂತೆ ನೆಟ್ಟಗೆ ನಿಂತ ಚರ್ಮ. ಬಾಯಲ್ಲಿ ಕಪ್ಪೆಯ ಉಳಿದ ಭಾಗ. ಬೆಳಕಿಗೆ ಅದು ಅಗಿಯುವುದನ್ನು ನಿಲ್ಲಿಸಿ, ಕಿವಿಗಳನ್ನು ನಮ್ಮ ಕಡೆ ತಿರುಗಿಸಿತು. ಮರುಗಳಿಗೆ ಜಂತೆ ಖಾಲಿಯಾಗಿತ್ತು. ಹೋದ ಸದ್ದೇ ಇಲ್ಲ.

ಸೊಸೆ ಒಳಗೆ ಕೂಗಿದಳು. "ಅತ್ತೇ, ಬರ್ರಿ ಇಲ್ಲಿ. ಬ್ಯಾಗ ಬರ್ರಿ."

ಯಜಮಾನಿ ಬರುವಷ್ಟರಲ್ಲಿ ಬಾವಲಿ ಇರಲಿಲ್ಲ. ಆದರೆ ಸ್ವಲ್ಪ ಹೊತ್ತು ದೀಪ ಹಚ್ಚದೆ ಕಾದಾಗ ಮತ್ತೆ ಬಂತು, ಈ ಸಲ ಒಂದು ದೊಡ್ಡ ಪತಂಗ ಹಿಡಿದುಕೊಂಡು. ಬ್ಯಾಟರಿಯ ಮೇಲೆ ಸೆರಗು ಮುಚ್ಚಿ ಮಂದ ಬೆಳಕು ಬಿಟ್ಟೆ. ಯಜಮಾನಿ ಕಣ್ಣು ಕಿರಿದು ಮಾಡಿ ನೋಡಿದರು. ರೆಕ್ಕೆಗಳು ಒಂದೊಂದಾಗಿ ತಿರುಗುತ್ತಾ ನೆಲಕ್ಕೆ ಇಳಿದವು.

ನಾನು ಅಲ್ಲಿಗೆ ವಿಷಯ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ.

"ಬಾವಲಿ ಹಣ್ಣು ತಿಂತೈತೆ," ಅಂದರು ಯಜಮಾನಿ. "ಕಪ್ಪೆ ತಿನ್ನೋ ಬಾವಲೀನ ನಾನು ಕಂಡಿಲ್ಲ, ನಮ್ಮಪ್ಪನೂ ಕಂಡಿಲ್ಲ. ಬಂದೈತೆ ಸರಿ. ಕಳಿಸಿದೋರು ಯಾರು?"

ಉತ್ತರ ಕೊಟ್ಟವಳು ಸೊಸೆ. ಅತ್ತೆಗೆ ಅವಳು ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಯಾರೂ ಕಳಿಸಿಲ್ಲತ್ತೆ. ಗದ್ದೇಲಿ ಕಪ್ಪೆ ಅದಾವೆ, ನಮ್ಮನೇಲಿ ಜಂತೆ ಐತೆ. ಮಳೇಲಿ ಕುಂತು ಉಣ್ಣಾಕೆ ಜಾಗ ಬೇಕಲ್ಲ, ಬಂದೈತೆ. ನಾಳೆ ನಾನು ಅಕ್ಕನ ಜೊತೆ ಆಸ್ಪತ್ರೆಗೆ ಹೋಗ್ತೀನಿ."

ಮಾರನೆಯ ದಿನ ಬಂದಳು. ರಕ್ತ ಕಡಿಮೆಯಿತ್ತು, ಕಾಲಿನ ಊತಕ್ಕೆ ಹೆದರುವಂಥ ಕಾರಣವಿರಲಿಲ್ಲ. ಇಂಜೆಕ್ಷನ್ ಹಾಕಿ ಕಳಿಸಿದೆ. ಯಜಮಾನಿ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.

ಆಮೇಲಿನ ಸಂಜೆಗಳಲ್ಲಿ ದೀಪ ಹಚ್ಚುವುದನ್ನು ಸ್ವಲ್ಪ ತಡ ಮಾಡಿ ನಾವಿಬ್ಬರೂ ಪಡಸಾಲೆಯಲ್ಲಿ ಕೂರುವುದು ರೂಢಿಯಾಯಿತು. ಬಾವಲಿ ಹಗಲು ಎಲ್ಲಿರುತ್ತಿತ್ತೋ ಗೊತ್ತಿಲ್ಲ. ಊರಿನ ಹಳೆಯ ಕೋಟೆಯ ಕಡೆ ಹಾಳು ಬಿದ್ದ ಕಟ್ಟಡದಲ್ಲಿ ಬಾವಲಿಗಳಿವೆ ಎಂದು ಯಾರೋ ಹೇಳಿದರು. ಕತ್ತಲಾದ ಮೇಲೆ ಕೆಲಸಕ್ಕೆ ಬರುವವರ ಹಾಗೆ ಬರುತ್ತಿತ್ತು. ಜಂತೆಗೆ ಜೋತುಬಿದ್ದು ಸುಮ್ಮನೆ ಕೇಳುತ್ತಾ ಇರುತ್ತಿತ್ತು. ಹೌದು, ಕೇಳುತ್ತಾ. ಕಿವಿಗಳು ಮಾತ್ರ ಬೇರೆ ಬೇರೆ ಕಡೆ ತಿರುಗುತ್ತಿದ್ದವು. ಒಂದು ದಿನ ಸೊಸೆ ಕೂತಲ್ಲಿಂದಲೇ ಒಣಗಿದ ಮುತ್ತುಗದ ಎಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದಳು. ನಮಗೇ ಸರಿಯಾಗಿ ಕೇಳಿಸದಂಥ ಸದ್ದು. ಎರಡೂ ಕಿವಿ ಎಲೆಯ ಕಡೆ ತಿರುಗಿದವು. ಇನ್ನೊಮ್ಮೆ ಕೆರೆದದ್ದೇ ತಡ, ಗಾಳಿ ಸೋಕಿದಂತೆ ಏನೋ ಅವಳ ಕೈಯ ಹತ್ತಿರ ಬಂದು, ಇದು ಕಪ್ಪೆಯಲ್ಲ ಎಂದು ತಿಳಿದು, ಮುಟ್ಟದೆ ಮೇಲೆ ಹೋಯಿತು. ಅವಳು ಕೈ ಹಿಂದೆ ತೆಗೆದುಕೊಂಡು ನಕ್ಕಳು. "ನೋಡಾಕೆ ಬಂದಿತ್ತು," ಅಂದಳು.

ದಾರಗಳ ವಿಷಯ ಇನ್ನೂ ವಿಚಿತ್ರ. ನಿಂಬೆಹಣ್ಣಿನ ದಾರಗಳನ್ನು ಯಜಮಾನಿ ಬಿಚ್ಚಿರಲಿಲ್ಲ. ನಾವು ಹಗಲು ಹೊತ್ತಿನಲ್ಲೇ ಅವಕ್ಕೆ ತಲೆ ತಾಗಿಸಿಕೊಳ್ಳುತ್ತಿದ್ದೆವು. ಬಾವಲಿ ಕತ್ತಲಲ್ಲಿ, ಮೊಳ ಅಗಲದ ರೆಕ್ಕೆ ಬಿಚ್ಚಿಕೊಂಡು, ಕಪ್ಪೆಯನ್ನೂ ಕಚ್ಚಿಕೊಂಡು ಅವುಗಳ ನಡುವೆ ತೂರಿ ಬರುತ್ತಿತ್ತು. ಒಂದು ಮೆಣಸಿನಕಾಯಿಯೂ ಅಲ್ಲಾಡುತ್ತಿರಲಿಲ್ಲ. ತನ್ನ ಕೂಗಿನ ಮರುದನಿಯಿಂದ ಬಾವಲಿ ದಾರಿ ತಿಳಿಯುತ್ತದೆ, ಆ ಕೂಗು ನಮ್ಮ ಕಿವಿಗೆ ಸಿಗುವುದಿಲ್ಲ ಎಂದು ನಾನು ಶಾಲೆಯಲ್ಲಿ ಓದಿದ್ದೆ. ಅದನ್ನು ಹೇಳಿದೆ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಯಜಮಾನಿ, "ಕೂಗೋದು ನಿಮಗೆ ಕೇಳ್ಸಲ್ಲ, ನನಗೂ ಕೇಳ್ಸಲ್ಲ. ಕೂಗ್ತೈತೆ ಅಂತ ಯಾರು ಹೇಳಿದ್ರು?" ಅಂದರು. ಪುಸ್ತಕದಲ್ಲಿದೆ ಅಂದೆ. ಅವರು ಬಾವಲಿಯನ್ನೇ ಇನ್ನಷ್ಟು ಹೊತ್ತು ನೋಡಿದರು.

ಅವರು ಮೊದಲ ಸಲ ನಕ್ಕದ್ದು ಬೇರೆ ಕಾರಣಕ್ಕೆ. ಬಾವಲಿ ಉಣ್ಣುವುದೂ ಬಾಯಲ್ಲೇ, ಹೇಲುವುದೂ ಬಾಯಲ್ಲೇ ಎಂದು ಆ ಕಡೆ ಎಲ್ಲರೂ ನಂಬಿದ್ದರು. ತಲೆಕೆಳಗಾಗಿರುವ ಪ್ರಾಣಿ ಇನ್ನೇನು ಮಾಡೀತು? ಒಂದು ಸಂಜೆ ನಾವು ಮೂವರೂ ನೋಡುತ್ತಿದ್ದಂತೆ ಅದು ರೆಕ್ಕೆಯ ಮೂಲೆಯಲ್ಲಿದ್ದ ಹೆಬ್ಬೆರಳಿನ ಉಗುರುಗಳನ್ನು ಜಂತೆಗೆ ಸಿಕ್ಕಿಸಿ, ಕಾಲು ಬಿಟ್ಟು, ಕಂಬಿಗೆ ಜೋತುಬಿದ್ದ ಹುಡುಗನ ಹಾಗೆ ನೆಟ್ಟಗಾಯಿತು. ಕೆಲಸ ಮುಗಿಸಿ, ಮೈ ಒಮ್ಮೆ ಒದರಿ, ಮತ್ತೆ ತಲೆಕೆಳಗಾಯಿತು.

"ಅಯ್ಯೋ ಶಿವನೇ," ಎಂದು ಯಜಮಾನಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಎಷ್ಟು ಮರ್ಯಾದಸ್ತ ಐತಲ್ಲ! ಸುಮ್ನೆ ಆಡ್ಕಂತಿದ್ವಿ."

ಶ್ರಾವಣ ಮುಗಿಯಿತು. ಮನೆ ಬಿಡುವ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಪ್ಪಾಯಿತು ಎನ್ನುವಂಥ ಮಾತೂ ಬರಲಿಲ್ಲ. ಬೀದಿಯಲ್ಲಿ ಒಂದಿಬ್ಬರು ಹೆಂಗಸರು ನನ್ನನ್ನು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುವುದು ಮುಂದುವರಿಯಿತು. ಊರಿಗೆಲ್ಲ ಬಾವಲಿ ತೋರಿಸಿಕೊಂಡು ಬರಲು ಆಗುವುದಿಲ್ಲವಲ್ಲ.

ಚಳಿಗಾಲದಲ್ಲಿ ಕಪ್ಪೆ ಕಡಿಮೆಯಾಗಿ ಇಲಿಯ ಬಾಲಗಳು ಹೆಚ್ಚಾದವು. ಬೆಳಿಗ್ಗೆ ಪಡಸಾಲೆ ಗುಡಿಸುವವರು ಹಿಂದಿನ ದಿನದ ಊಟ ಏನೆಂದು ಹೇಳುವುದು ನಡೆದಿತ್ತು. ಸೊಸೆಗೆ ದಿನ ತುಂಬುತ್ತಾ ಬಂದಾಗ ಯಜಮಾನಿ ಅವಳನ್ನು ಚನ್ನಗಿರಿಗೆ ಕರೆದುಕೊಂಡು ಹೋಗಿ ನೆಂಟರ ಮನೆಯಲ್ಲಿ ಇರಿಸುತ್ತೇನೆ ಅಂದರು. ಅಲ್ಲಿ ದೊಡ್ಡ ಆಸ್ಪತ್ರೆ ಇದೆ, ಒಳ್ಳೆಯದೇ ಅಂದೆ. ಒಳಗೊಳಗೆ ನನಗೆ ಸ್ವಲ್ಪ ನೋವಾಯಿತು, ಅದನ್ನು ತೋರಿಸಿಕೊಳ್ಳಲಿಲ್ಲ. ಆದರೆ ಹೊರಡುವ ದಿನದ ಮೊದಲೇ ಒಂದು ಬೆಳಿಗ್ಗೆ ನೋವು ಶುರುವಾಯಿತು. ಮಗ ಬಸ್ಸಿನ ಮೇಲೆ ಹೋಗಿದ್ದ. ನಾನು ಹಳ್ಳಿಗೆ ಹೊರಟು ಚಪ್ಪಲಿ ಹಾಕುತ್ತಿದ್ದೆ. ಯಜಮಾನಿ ಬಂದರು. ಈ ಸಲ ಹೊಸ್ತಿಲು ದಾಟಿ ಒಳಗೇ ಬಂದರು.

"ಬರ್ರಿ," ಅಂದರು.

ಹೋದೆ. ಮಧ್ಯಾಹ್ನದ ಹೊತ್ತಿಗೆ ಹೆರಿಗೆಯಾಯಿತು. ಮಗುವಿನ ಕುತ್ತಿಗೆಗೆ ಕರುಳ ಬಳ್ಳಿ ಒಂದು ಸುತ್ತು ಬಂದಿತ್ತು. ಬಿಡಿಸಿ, ಬೆನ್ನು ಉಜ್ಜಿದೆ. ಅಳಲು ಒಂದು ಗಳಿಗೆ ತಡ ಮಾಡಿತು. ಆ ಗಳಿಗೆಯಲ್ಲಿ ಯಜಮಾನಿ ನನ್ನ ಮುಖವನ್ನೇ ನೋಡುತ್ತಿದ್ದರು, ಮಗುವನ್ನಲ್ಲ. ಆಮೇಲೆ ಅತ್ತಿತು. ಹೆಣ್ಣು ಮಗು. ಅವರು ಬಿಸಿನೀರಿನ ಹಂಡೆಯ ಹತ್ತಿರ ಹೋಗಿ, ನನ್ನ ಕೈಗೆ ತಾವೇ ನೀರು ಹಾಕಿದರು. ಅಂದು ರಾತ್ರಿಯ ಊಟಕ್ಕೆ ಅವರ ಮನೆಯಿಂದ ತಟ್ಟೆ ಬಂತು.

ಬೇಸಿಗೆಗೆ ಮಗ ಸ್ವಲ್ಪ ದಿನ ರಜೆ ಹಾಕಿ ಮನೆಯಲ್ಲಿದ್ದ. ಕೂಸು ಪಡಸಾಲೆಯಲ್ಲಿ ಮಲಗುತ್ತದೆ, ಮೇಲಿಂದ ರಕ್ತ, ಹಿಕ್ಕೆ ಬೀಳುವುದು ಸರಿಯಲ್ಲ ಎಂದು ಅವನ ವಾದ. ನರ್ಸ್ ಆಗಿ ನಾನು ಅವನ ಕಡೆಗೇ ಇದ್ದೆ. ಅವನು ಕೋಳಿ ಗೂಡಿಗೆ ಹಾಕುವ ತಂತಿಯ ಜಾಲರಿ ತಂದು ಕಂಬದಿಂದ ಕಂಬಕ್ಕೆ ಅಳತೆ ಹಿಡಿದ. ಅಷ್ಟರಲ್ಲಿ ಕತ್ತಲಾಯಿತು. ಉಳಿದದ್ದು ನಾಳೆ ಎಂದು ಸುತ್ತಿಗೆ ಕೆಳಗಿಟ್ಟ.

ಬಾವಲಿ ಬಂತು. ಹಾರಾಟ ಎಂದಿನಂತಿರಲಿಲ್ಲ, ಭಾರವಾಗಿತ್ತು. ಜಂತೆಗೆ ಜೋತುಬಿದ್ದ ಮೇಲೆ ಮಂದ ಬೆಳಕಿನಲ್ಲಿ ನೋಡಿದರೆ ಹೊಟ್ಟೆಗೆ ಏನೋ ಕಚ್ಚಿಕೊಂಡಿತ್ತು. ಮರಿ. ಅದು ಕೂತ ರೀತಿ ನೋಡಿ ನನಗೇ ಅಚ್ಚರಿಯಾಯಿತು. ಅದರ ತಲೆ ತಾಯಿಯ ಎದೆಯ ಕಡೆಗಿರಲಿಲ್ಲ, ಬುಡದ ಕಡೆಗಿತ್ತು. ತಾಯಿ ತಲೆಕೆಳಗಾಗಿ ನೇತಾಡುವಾಗ ಮರಿಯ ತಲೆ ಮೇಲೆ. ಅಲ್ಲಿ ಕಚ್ಚಿ ಹಿಡಿಯುವುದಕ್ಕೆಂದೇ ಹಾಲಿಲ್ಲದ ಎರಡು ಮೊಲೆಯಂಥವು ಇರುತ್ತವೆಂದು ಬಹಳ ಕಾಲದ ಮೇಲೆ ತಿಳಿಯಿತು. ಸ್ವಲ್ಪ ಹೊತ್ತಿಗೆ ಮರಿ ತೆವಳಿಕೊಂಡು ತಿರುಗಿ ಎದೆಗೆ ಬಂತು. ತಾಯಿ ರೆಕ್ಕೆಯನ್ನು ಕಂಬಳಿಯಂತೆ ಅದರ ಸುತ್ತ ಎಳೆದುಕೊಂಡಿತು.

ಯಜಮಾನಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಕತ್ತು ಎತ್ತಿ ಬಹಳ ಹೊತ್ತು ನೋಡಿದರು.

"ಆ ಜಾಲರಿ ಸುತ್ತಿಡು," ಅಂದರು ಮಗನಿಗೆ.

"ಯಾತಕ್ಕೆ?"

"ಬಾಣಂತಿ ಐತೆ."

"ಬಾವಲಿಗೆ ಎಂಥ ಬಾಣಂತನ ಅವ್ವ? ನಿನಗೇನಾಗೈತೆ?"

"ಬಾಣಂತೀನ ಹೊರಗೆ ಹಾಕಿ ಕದ ಮುಚ್ಚೋ ಮನೆ ಅಲ್ಲ ಇದು. ಕೂಸನ್ನ ಒಳಗೆ ಮಲಗಿಸಿದ್ರಾತು."

ಮಗ ನನ್ನ ಮುಖ ನೋಡಿದ. ಕೂಸು ಒಳಗೆ ಮಲಗುವುದಾದರೆ ನನಗೆ ತಕರಾರಿಲ್ಲ ಅಂದೆ. ಬಾವಲಿ ಜೋತುಬೀಳುವ ಜಾಗದ ಕೆಳಗೆ ಒಂದು ಹಳೆಯ ಗೋಣಿಚೀಲ ಹಾಸಿ, ಬೆಳಿಗ್ಗೆ ತೆಗೆದು ಒದರುವುದೆಂದು ತೀರ್ಮಾನವಾಯಿತು. ಜಾಲರಿ ಹಿತ್ತಿಲಿನ ಕೋಳಿಗೂಡಿಗೆ ಹೋಯಿತು. ದಾರಗಳನ್ನು ಯಜಮಾನಿ ಅದೇ ವಾರ ತಾವೇ ಬಿಚ್ಚಿದರು. ಮಗುವಿಗೆ ದೃಷ್ಟಿಯಾಗದಿರಲೆಂದು ಒಂದನ್ನು ಮಾತ್ರ ಒಳಬಾಗಿಲಿಗೆ ಕಟ್ಟಿದರು.

ಮರಿ ದೊಡ್ಡದಾದಂತೆ ತಾಯಿ ಅದನ್ನು ಜಂತೆಗೆ ಬಿಟ್ಟು ತಾನೊಂದೇ ಹೋಗಿ ಬರತೊಡಗಿತು. ಮರಿ ರೆಕ್ಕೆ ಬಡಿಯುತ್ತಾ ಜೋತಿರುತ್ತಿತ್ತು. ತಾಯಿ ಬರುವುದು ಅದಕ್ಕೆ ನಮಗಿಂತ ಎಷ್ಟೋ ಮೊದಲೇ ತಿಳಿಯುತ್ತಿತ್ತು. ಅದು ಚಡಪಡಿಸತೊಡಗಿದರೆ, "ಬಂತು ಅವರವ್ವ," ಎನ್ನುತ್ತಿದ್ದರು ಯಜಮಾನಿ. ಬರುತ್ತಿತ್ತು. ಪಕ್ಕದ ಮನೆಯ ಹೆಂಗಸರೂ ಸಂಜೆ ಬಂದು ಕೂರಲು ಶುರು ಮಾಡಿದರು. ಬಾವಲಿ ನೋಡಲು ಬಂದವರು ಹಾಗೇ ಮಕ್ಕಳ ಕೆಮ್ಮು, ಭೇದಿ, ಮುಟ್ಟಿನ ನೋವು ಎಂದು ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದರು. ನನ್ನ ಕೆಲಸಕ್ಕೆ ಅದು ಅನುಕೂಲವೇ ಆಯಿತು. ಬೀದಿಯಲ್ಲಿ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದವರಲ್ಲಿ ಒಬ್ಬಾಕೆ ಮುಂದೆ ಎರಡು ಹೆರಿಗೆ ನನ್ನ ಕೈಯಲ್ಲೇ ಮಾಡಿಸಿಕೊಂಡಳು.

ಎಂಬತ್ತರ ದಶಕ ಶುರುವಾದ ಮೇಲೆ ಬೀದಿಗೆ ಹೊಸ ಕಂಬ ಬಂತು. ಅದರ ಟ್ಯೂಬ್‌ಲೈಟಿನ ಬೆಳಕು ನೇರವಾಗಿ ನಮ್ಮ ಪಡಸಾಲೆಗೆ ಬೀಳುತ್ತಿತ್ತು. ಮೊದಲ ಸಂಜೆ ಬಾವಲಿ ಬೀದಿಯವರೆಗೂ ಬಂದು, ಕಂಬದಿಂದ ದೂರದಲ್ಲೇ ತಿರುಗಿ ಹೋದದ್ದನ್ನು ನೋಡಿದೆ. ಮತ್ತೆ ಕೆಲವು ಸಂಜೆ ಬಂದು ನೋಡಿ ಹೋಯಿತು. ಆಮೇಲೆ ಬರಲಿಲ್ಲ. ಗೋಣಿಚೀಲ ಸ್ವಚ್ಛವಾಗಿಯೇ ಉಳಿಯಿತು. ಹೊಸ ಬೆಳಕಿನಲ್ಲಿ ಮಕ್ಕಳು ಬೀದಿಯಲ್ಲಿ ಆಡಿದರು, ಎಲ್ಲರಿಗೂ ಸಂತೋಷವೇ ಆಗಿತ್ತು.

ಯಜಮಾನಿ ಮಾತ್ರ ಲೈನ್‌ಮನ್ ಬಂದ ದಿನ ಹೊರಗೆ ಬಂದು ಕಂಬದ ಬುಡದಲ್ಲಿ ನಿಂತರು. "ಅದನ್ನ ಸ್ವಲ್ಪ ಆ ಕಡಿಗೆ ತಿರುಗಿಸಾಕೆ ಬರ್ತೈತೇನಪ್ಪ?" ಎಂದು ಕೇಳಿದರು. ಕಂಬದ ಮೇಲಿದ್ದವನು ನಕ್ಕ. "ಎಲ್ಲರೂ ನಮ್ಮನೆ ಕಡಿಗೆ ತಿರುಗಿಸು ಅಂತಾರಮ್ಮ. ನೀವೊಬ್ರೇ ಬ್ಯಾಡ ಅನ್ನೋರು."

"ಇಲಿ ಜಾಸ್ತಿ ಆಗ್ಯಾವೆ," ಅಂದರು ಅವರು.

ಅವನಿಗೆ ಅರ್ಥವಾಗಲಿಲ್ಲ. ಟ್ಯೂಬ್‌ಲೈಟು ಸರಿ ಮಾಡಿ ಇಳಿದು, ಸೈಕಲ್ ಹತ್ತಿ ಹೋದ. ಯಜಮಾನಿ ಆ ವಾರವೇ ಒಂದು ಬೆಕ್ಕಿನ ಮರಿ ತಂದರು. ಅದು ಹಾಲು ಕುಡಿದು ಒಲೆಯ ಹತ್ತಿರ ಮಲಗುತ್ತಿತ್ತು. ಇಲಿ ಹಿಡಿದದ್ದನ್ನು ನಾನು ನೋಡಲಿಲ್ಲ. ಮುಂದಿನ ವರ್ಷ ನನಗೆ ನ್ಯಾಮತಿಗೆ ವರ್ಗವಾಯಿತು.